ನಾಲ್ಕು ನೆಲೆ, ಇಬ್ಬರು ಮಧ್ಯಸ್ಥರು

ಕ್ರಿಕೆಟ್ ಆಟಕ್ಕೆ ತೀರ್ಪುಗಾರರು ಇಬ್ಬರೆಂಬುದು ಬೀದಿಯಲ್ಲಿ ಆಡುವ ಹುಡುಗನಿಗೂ ಗೊತ್ತು. ಒಬ್ಬನು ಚೆಂಡೆಸೆಯುವ ಕಡೆಯ ಗೂಟಗಳ ಹಿಂದೆ ನಿಲ್ಲುತ್ತಾನೆ. ಇನ್ನೊಬ್ಬನು ದಾಂಡಿಗನ ಪಕ್ಕಕ್ಕೆ, ಕೊಂಚ ದೂರದಲ್ಲಿ. ಓಟವೆಲ್ಲ ಇಪ್ಪತ್ತೆರಡು ಗಜದ ಒಂದೇ ಪಟ್ಟಿಯ ಮೇಲೆ ನಡೆಯುವುದರಿಂದ ಅಲ್ಲಿ ಕಾಯಬೇಕಾದ ತುದಿಗಳು ಎರಡು, ಕಾಯುವವರೂ ಇಬ್ಬರು. ಲೆಕ್ಕ ಸಮನಾಯಿತು. ಅಮೆರಿಕಾದ ಬೇಸ್‌ಬಾಲ್ ಆಟದಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ಕಾಯಬೇಕಾದ ನೆಲೆಗಳು ನಾಲ್ಕು. ಆ ನಾಲ್ಕನ್ನೂ ಇಬ್ಬರೇ ಕಾಯುವ ಏರ್ಪಾಡು ಒಂದು ಕಾಲಕ್ಕೆ ಆ ದೇಶದ ಅತಿ ದೊಡ್ಡ ಪಂದ್ಯಗಳಲ್ಲಿಯೂ ಇದ್ದಿತು. ಶಾಲೆಯ ಆಟಗಳಲ್ಲಿಯೂ ಕೆಳದರ್ಜೆಯ ಸಂಘಗಳಲ್ಲಿಯೂ ಇಂದಿಗೂ ಇದೆ. ಇಬ್ಬರು ನಾಲ್ವರ ಕೆಲಸವನ್ನು ಹೇಗೆ ಮಾಡುತ್ತಾರೆ, ಈ ಏರ್ಪಾಡು ಹೇಗೆ ಬಂದಿತು, ಇದರಿಂದ ಯಾರ ಬಾಳಿನಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಒಂದು ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ನೆನೆಯಿರಿ. ಅದರ ಒಂದೊಂದು ಬದಿಯೂ ತೊಂಬತ್ತು ಅಡಿ. ಕೆಳಗಿನ ಮೂಲೆಯೇ ಮನೆ. ದಾಂಡಿಗನು ನಿಲ್ಲುವುದು ಅಲ್ಲಿ. ಅವನ ಬಲಕ್ಕೆ ಮೊದಲನೆಯ ನೆಲೆ, ಎದುರಿಗೆ ಮೇಲುಗಡೆ ಎರಡನೆಯದು, ಎಡಕ್ಕೆ ಮೂರನೆಯದು. ಚೌಕದ ನಡುವೆ, ಮನೆಯಿಂದ ಅರುವತ್ತು ಅಡಿ ಆರು ಅಂಗುಲ ದೂರದಲ್ಲಿ, ಸಣ್ಣ ದಿಬ್ಬದ ಮೇಲಿನಿಂದ ಎಸೆಗಾರನು ಚೆಂಡನ್ನು ಎಸೆಯುತ್ತಾನೆ. ದಾಂಡಿಗನು ಹೊಡೆದು ಓಡಬೇಕು. ಮೂರು ನೆಲೆಗಳನ್ನೂ ಮುಟ್ಟಿ ಮನೆಗೆ ಬಂದರೆ ಒಂದು ಓಟ ಗಳಿಸಿದಂತೆ. ಒಂದು ನೆಲೆಯಲ್ಲಿ ನಿಂತು, ಮುಂದಿನ ದಾಂಡಿಗನ ಹೊಡೆತಕ್ಕೆ ಕಾದು ಮುಂದುವರಿಯಲೂಬಹುದು. ಓಟಗಾರನಿಗಿಂತ ಮೊದಲೇ ಚೆಂಡು ನೆಲೆಗೆ ಬಂದರೆ ಕೆಲವು ಸಂದರ್ಭಗಳಲ್ಲಿ ಔಟು. ಮಿಕ್ಕ ಸಂದರ್ಭಗಳಲ್ಲಿ ಚೆಂಡು ಹಿಡಿದ ಕೈಯಿಂದ ಅವನನ್ನು ಮುಟ್ಟಬೇಕು. ಮೂವರು ಔಟಾದರೆ ಆ ಪಕ್ಷದ ಸರದಿ ಮುಗಿಯಿತು. ಮನೆಯಿಂದ ಮೊದಲನೆಯ ಮತ್ತು ಮೂರನೆಯ ನೆಲೆಗಳ ಮೂಲಕ ಹಾಯುವ ಎರಡು ಗೆರೆಗಳ ಒಳಗೆ ಬಿದ್ದ ಚೆಂಡು ಸರಿ. ಹೊರಗೆ ಬಿದ್ದದ್ದು ಫೌಲ್. ಇಷ್ಟು ಸಾಕು. ಒಂದೇ ಹೊಡೆತಕ್ಕೆ ಒಬ್ಬನು ಮನೆಯತ್ತ, ಇನ್ನೊಬ್ಬನು ಮೂರನೆಯ ನೆಲೆಯತ್ತ, ಹೊಡೆದವನು ಮೊದಲನೆಯದರತ್ತ, ಚೆಂಡು ಮತ್ತೆಲ್ಲಿಗೋ ಏಕಕಾಲದಲ್ಲಿ ಓಡುವ ಆಟವಿದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಿಳಿಯುತ್ತದೆ.

ಪಂಡಿತ ಪರೀಕ್ಷೆಗೆ ಓದಿದವನಿಗೆ ಶಬ್ದದ ಹುಟ್ಟು ಕೆದಕುವ ಚಾಳಿ ಬಿಡದು. ‘ಅಂಪೈರ್’ ಎಂಬ ಇಂಗ್ಲಿಷು ಮಾತು ಹಳೆಯ ಫ್ರೆಂಚಿನ ‘ನೊಂಪೆರ್’ ಎಂಬುದರಿಂದ ಬಂದದ್ದು. ಸಮನಲ್ಲದವನು, ಜೋಡಿಗೆ ಸೇರದವನು ಎಂದು ಅದರ ಅರ್ಥ. ಮೊದಲಿನ ನಕಾರವು ಇಂಗ್ಲಿಷರ ನಾಲಿಗೆಯಲ್ಲಿ ಹಿಂದಿನ ಶಬ್ದಕ್ಕೆ ಅಂಟಿಹೋಗಿ ‘ಅಂಪೈರ್’ ಉಳಿಯಿತು. ನಮ್ಮ ಸರಿ-ಬೆಸ ಎಂಬ ಮಾತಿನಲ್ಲಿ ಹೇಳುವುದಾದರೆ, ಇಬ್ಬರು ಜಗಳಗಾರರ ನಡುವೆ ಬಂದು ನಿಂತ ಮೂರನೆಯ ಬೆಸದವನು ಅವನು. ನಮ್ಮಲ್ಲಿ ಇಂಥವನಿಗೆ ಎರಡು ಹೆಸರುಂಟು: ನಡುವೆ ನಿಂತವನು ಮಧ್ಯಸ್ಥ, ದಡದ ಮೇಲೆ ನಿಂತವನು ತಟಸ್ಥ. ಎರಡಕ್ಕೂ ಪಕ್ಷಪಾತವಿಲ್ಲದವನೆಂದೇ ಅರ್ಥ ರೂಢಿಯಾಗಿದೆಯಾದರೂ, ನಿಲ್ಲುವ ಸ್ಥಳ ಬೇರೆ ಎಂಬುದನ್ನು ಮರೆಯಬಾರದು. ಬೇಸ್‌ಬಾಲ್ ತೀರ್ಪುಗಾರನಿಗೆ ಈ ಭೇದವೇ ಸರ್ವಸ್ವ.

ಆಟ ಬಾಲ್ಯದಲ್ಲಿದ್ದಾಗ, ಎಂದರೆ 1850ರ ದಶಕದಲ್ಲಿ, ಒಂದೊಂದು ಕ್ಲಬ್ಬೂ ತನ್ನ ಕಡೆಯಿಂದ ಒಬ್ಬೊಬ್ಬನನ್ನು ತರುತ್ತಿತ್ತು; ಅವರಿಬ್ಬರಿಗೂ ಒಮ್ಮತವಾಗದಿದ್ದರೆ ಮೂರನೆಯವನೊಬ್ಬ ತೀರ್ಮಾನಿಸುತ್ತಿದ್ದ. ತಂದವರ ಪರವಾಗಿಯೇ ತೀರ್ಪು ಹೇಳುವ ಇಬ್ಬರಿಂದ ಏನು ಪ್ರಯೋಜನ? 1858ರಲ್ಲಿ ಆಟಗಾರರ ರಾಷ್ಟ್ರೀಯ ಸಂಘವು ಒಬ್ಬನೇ ಸಾಕೆಂದು ವಿಧಿಸಿತು. ಆ ಕಾಲದ ತೀರ್ಪುಗಾರನು ಉದ್ದ ಟೋಪಿ ತೊಟ್ಟು, ಬೆತ್ತ ಹಿಡಿದು, ಗೆರೆಯಿಂದ ಹೊರಗೆ ನಿಂತೋ ಮಣೆಯ ಮೇಲೆ ಕುಳಿತೋ ಆಟ ನೋಡುವ ದೊಡ್ಡ ಮನುಷ್ಯ. ಪೂರ್ಣ ತಟಸ್ಥ. ಸಂಬಳವಿಲ್ಲ, ಓಡಾಟವಿಲ್ಲ. ಆಟಗಾರರು ಸಂಭಾವಿತರಾಗಿರುವವರೆಗೂ ಇದು ನಡೆದೀತು.

ಹಣ ಬಂದಿತು. 1876ರಲ್ಲಿ ನ್ಯಾಷನಲ್ ಲೀಗ್ ಎಂಬ ವೃತ್ತಿ ಸಂಘ ಹುಟ್ಟಿತು. 1878ರಲ್ಲಿ ಆಟವೊಂದಕ್ಕೆ ಐದು ಡಾಲರು ಕೊಟ್ಟು ತೀರ್ಪುಗಾರನನ್ನು ನಿಲ್ಲಿಸುವ ಪದ್ಧತಿಯಾಯಿತು. ಹಣದೊಡನೆ ಯುಕ್ತಿಯೂ ಬಂದಿತು. ಒಬ್ಬನಿಗೆ ಇರುವುದು ಎರಡೇ ಕಣ್ಣು, ಅವೆರಡೂ ಒಂದೇ ಕಡೆಗೆ ನೋಡುತ್ತವೆ ಎಂಬ ಸತ್ಯವನ್ನು ಆಟಗಾರರು ಬೇಗ ಕಂಡುಕೊಂಡರು. ‘ಕಿಂಗ್’ ಕೆಲ್ಲಿ ಎಂಬ ಜನಪ್ರಿಯ ಆಟಗಾರನು ತೀರ್ಪುಗಾರನು ಚೆಂಡಿನ ಕಡೆ ತಿರುಗಿದ್ದ ಹೊತ್ತಿನಲ್ಲಿ ನೆಲೆಯನ್ನು ಮುಟ್ಟದೆ ಚೌಕದ ನಡುವಿನಿಂದಲೇ ಅಡ್ಡದಾರಿ ಹಿಡಿಯುವುದಕ್ಕೆ ಹೆಸರಾಗಿದ್ದ. 1890ರ ದಶಕದಲ್ಲಿ ಬಾಲ್ಟಿಮೋರ್ ತಂಡದ ಮೂರನೆಯ ನೆಲೆಗಾರ ಜಾನ್ ಮೆಕ್‌ಗ್ರಾ ಮನೆಯತ್ತ ಓಡಲು ಸಿದ್ಧನಾದವನ ಸೊಂಟದ ಪಟ್ಟಿಗೆ ಬೆರಳು ಸಿಕ್ಕಿಸಿ ಹಿಡಿದುಕೊಳ್ಳುತ್ತಿದ್ದ. ಇದನ್ನು ಬಲ್ಲ ಓಟಗಾರನೊಬ್ಬ ಮೊದಲೇ ಪಟ್ಟಿಯನ್ನು ಸಡಿಲಿಸಿಟ್ಟುಕೊಂಡು, ಪಟ್ಟಿಯನ್ನು ಮೆಕ್‌ಗ್ರಾನ ಕೈಯಲ್ಲಿಯೇ ಬಿಟ್ಟು ಮನೆ ಸೇರಿದನೆಂದು ಒಂದು ಕಥೆಯುಂಟು. ಪರೀಕ್ಷೆಯ ಕೊಠಡಿಯಲ್ಲಿ ಅರುವತ್ತು ಮಕ್ಕಳನ್ನು ಒಬ್ಬರೇ ಕಾದ ಉಪಾಧ್ಯಾಯರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಈ ಒಬ್ಬಂಟಿ ಕಾಲದಲ್ಲಿ ‘ಎಲ್ಲಿ ನಿಲ್ಲಬೇಕು’ ಎಂಬ ಪ್ರಶ್ನೆಯನ್ನು ಶಾಸ್ತ್ರದಂತೆ ಯೋಚಿಸಿದವನೆಂದು ಜಾನ್ ಗ್ಯಾಫ್ನಿಯ ಹೆಸರನ್ನು ಹೇಳುತ್ತಾರೆ. ನೆಲೆಗಳಲ್ಲಿ ಯಾರೂ ಇಲ್ಲದಿದ್ದಾಗ ಅವನು ಮನೆಯ ಹಿಡಿಗಾರನ ಬೆನ್ನ ಹಿಂದೆ ನಿಲ್ಲುವನು. ಎಸೆತ ಚೆನ್ನಾಗಿ ಕಾಣುವುದು ಅಲ್ಲಿಂದ. ಓಟಗಾರನೊಬ್ಬ ನೆಲೆಗೆ ಬಂದೊಡನೆ ಚೌಕದ ನಡುವೆ, ಎಸೆಗಾರನ ಬೆನ್ನ ಹಿಂದಕ್ಕೆ ಬರುವನು. ಎಸೆತ ಕೊಂಚ ಮಬ್ಬಾದರೂ ನೆಲೆಗಳು ಹತ್ತಿರವಾಗುತ್ತವೆ. ಏನನ್ನು ನೋಡಬೇಕೆಂಬುದಕ್ಕಿಂತ ಏನನ್ನು ಬಿಟ್ಟುಕೊಡಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಂಡ ಮನುಷ್ಯ ಈತ. ಇಬ್ಬರು ತೀರ್ಪುಗಾರರ ಶಾಸ್ತ್ರವೆಲ್ಲ ಈ ಬೀಜದಿಂದಲೇ ಬೆಳೆದದ್ದೆಂದು ನನ್ನ ಭಾವನೆ. 1887ರ ಚಾಂಪಿಯನ್ ಪಂದ್ಯಗಳಲ್ಲಿ, ಡೆಟ್ರಾಯಿಟ್ ಮತ್ತು ಸೇಂಟ್ ಲೂಯಿಸ್ ತಂಡಗಳು ಆಡಿದಾಗ, ಗ್ಯಾಫ್ನಿಯೂ ಜಾನ್ ಕೆಲ್ಲಿ ಎಂಬ ಇನ್ನೊಬ್ಬನೂ ಜೊತೆಯಾಗಿ ನಿಂತರು. 1890ರಲ್ಲಿ ಒಂದೇ ವರ್ಷ ಬಾಳಿದ ಆಟಗಾರರ ಲೀಗು ಆಟಕ್ಕೆ ಇಬ್ಬರನ್ನು ನೇಮಿಸಿತು. ಹಳೆಯ ಲೀಗುಗಳ ಧಣಿಗಳಿಗೆ ಮಾತ್ರ ಇದು ರುಚಿಸಲಿಲ್ಲ. ಎರಡನೆಯವನಿಗೂ ಸಂಬಳ ಕೊಡಬೇಕಲ್ಲ! 1898ರಲ್ಲಿ ನಿಯಮ ಇಬ್ಬರಿಗೆ ಅವಕಾಶ ಕೊಟ್ಟಿತು. ಅವಕಾಶವಿದ್ದ ಮಾತ್ರಕ್ಕೆ ಆಳು ಬರಲಿಲ್ಲ. ದೊಡ್ಡ ಆಟಕ್ಕೆ ಇಬ್ಬರು, ಸಾಮಾನ್ಯ ಆಟಕ್ಕೆ ಒಬ್ಬ ಎಂಬಂತೆ ಇನ್ನೂ ಹತ್ತು ವರ್ಷ ಕಾಲ ತಳ್ಳಿದರು.

ಆ ಹತ್ತು ವರ್ಷದ ಕೊನೆಯಲ್ಲಿ ನಡೆದದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಮೊದಲು ಒಂದು ನಿಯಮ. ಮೊದಲನೆಯ ನೆಲೆಯಲ್ಲಿ ಒಬ್ಬನಿದ್ದಾಗ ದಾಂಡಿಗನು ಹೊಡೆದು ಅಲ್ಲಿಗೆ ಓಡಿ ಬಂದರೆ, ಒಂದು ನೆಲೆಯಲ್ಲಿ ಇಬ್ಬರು ಇರುವಂತಿಲ್ಲವಾದ್ದರಿಂದ, ಮೊದಲಿದ್ದವನು ಎರಡನೆಯ ನೆಲೆಗೆ ಹೋಗಲೇಬೇಕು. ಅವನು ಅದನ್ನು ಮುಟ್ಟುವ ಮುನ್ನ ಚೆಂಡು ಅಲ್ಲಿಗೆ ಬಂದರೆ ಔಟು. ಅದು ಮೂರನೆಯ ಔಟಾದರೆ, ಆ ನಡುವೆ ಮನೆ ಸೇರಿದವನ ಓಟ ಲೆಕ್ಕಕ್ಕಿಲ್ಲ. ಪುಸ್ತಕದಲ್ಲಿ ಹೀಗಿದ್ದರೂ ರೂಢಿ ಬೇರೆಯಾಗಿತ್ತು: ಗೆಲ್ಲುವ ಓಟ ಮನೆ ಮುಟ್ಟಿದೊಡನೆ ಮಿಕ್ಕ ಓಟಗಾರರು ನೆಲೆ ಮುಟ್ಟುವ ಗೊಡವೆಗೆ ಹೋಗದೆ ಕೊಠಡಿಯತ್ತ ಓಡುತ್ತಿದ್ದರು; ಯಾರೂ ಕೇಳುತ್ತಿರಲಿಲ್ಲ.

1908ರ ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗಿನಲ್ಲಿ ಷಿಕಾಗೋ ತಂಡದ ಎದುರು ಆಟ. ತೀರ್ಪುಗಾರ ಹ್ಯಾಂಕ್ ಓಡೇ ಒಬ್ಬನೇ. ಹತ್ತನೆಯ ಸರದಿಯಲ್ಲಿ ಪಿಟ್ಸ್‌ಬರ್ಗಿನವನು ಹೊಡೆದ. ಮೂರನೆಯ ನೆಲೆಯಿಂದ ಫ್ರೆಡ್ ಕ್ಲಾರ್ಕ್ ಮನೆ ಸೇರಿದ. ಮೊದಲನೆಯದರಲ್ಲಿದ್ದ ವಾರೆನ್ ಗಿಲ್ ಎಂಬವನು ರೂಢಿಯಂತೆ ಎರಡನೆಯ ನೆಲೆ ಮುಟ್ಟದೆ ಹೊರಟುಬಿಟ್ಟ. ಷಿಕಾಗೋದ ಜಾನಿ ಎವರ್ಸ್ ಪುಸ್ತಕ ಓದಿದ್ದ ಆಸಾಮಿ. ಚೆಂಡು ತರಿಸಿಕೊಂಡು ನೆಲೆಯ ಮೇಲೆ ನಿಂತು ಔಟು ಕೇಳಿದ. ಓಡೇ ಒಪ್ಪಲಿಲ್ಲ. ಓಟ ಮನೆ ಮುಟ್ಟಿತೋ ಇಲ್ಲವೋ ಎಂಬುದನ್ನು ಅವನು ನೋಡುತ್ತಿದ್ದ; ಬೆನ್ನ ಹಿಂದೆ ಗಿಲ್ ಏನು ಮಾಡಿದನೆಂದು ಕಂಡಿರಲಿಲ್ಲ. ಕಾಣದ್ದಕ್ಕೆ ತೀರ್ಪು ಕೊಡುವುದು ಹೇಗೆ? ಪಿಟ್ಸ್‌ಬರ್ಗ್ ಗೆದ್ದಿತು. ಷಿಕಾಗೋ ದೂರು ಕೊಟ್ಟಿತು; ಫಲವಾಗಲಿಲ್ಲ.

ಹತ್ತೊಂಬತ್ತು ದಿನ ಕಳೆಯಿತು. ಸೆಪ್ಟೆಂಬರ್ 23. ಸ್ಥಳ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್. ಎದುರಾಳಿಗಳು ನ್ಯೂಯಾರ್ಕ್ ಜಯಂಟ್ಸ್ ಮತ್ತು ಅದೇ ಷಿಕಾಗೋ ಕಬ್ಸ್. ಲೀಗಿನ ಪ್ರಶಸ್ತಿಗೆ ಇಬ್ಬರೂ ಹೆಗಲೆಣೆಯಾಗಿ ಓಡುತ್ತಿದ್ದಾರೆ. ಈ ಸಲ ತೀರ್ಪುಗಾರರು ಇಬ್ಬರು: ಮನೆಯ ಬಳಿ ಅದೇ ಓಡೇ, ಬಯಲಿನಲ್ಲಿ ಬಾಬ್ ಎಮ್‌ಸ್ಲಿ. ಒಂಬತ್ತನೆಯ ಸರದಿ, ಒಂದಕ್ಕೊಂದು ಸಮ, ನ್ಯೂಯಾರ್ಕಿನ ಇಬ್ಬರು ಔಟಾಗಿದ್ದಾರೆ. ಮೂರನೆಯ ನೆಲೆಯಲ್ಲಿ ಮೆಕ್‌ಕಾರ್ಮಿಕ್; ಮೊದಲನೆಯದರಲ್ಲಿ ಫ್ರೆಡ್ ಮರ್ಕಲ್, ಹತ್ತೊಂಬತ್ತು ವರ್ಷದ ಹುಡುಗ. ಆಲ್ ಬ್ರಿಡ್‌ವೆಲ್ ಹೊಡೆದ ಚೆಂಡು ನೇರವಾಗಿ ಎಮ್‌ಸ್ಲಿಯ ಮೇಲೆಯೇ ಬಂದಿತು. ಅವನು ನೆಲಕ್ಕೆ ಬಿದ್ದು ತಪ್ಪಿಸಿಕೊಂಡ. ಚೆಂಡು ಬಯಲಿಗೆ ಹೋಯಿತು. ಮೆಕ್‌ಕಾರ್ಮಿಕ್ ಮನೆ ಸೇರಿದ. ಜನ ಕಣದೊಳಕ್ಕೆ ನುಗ್ಗಿದರು. ಮರ್ಕಲ್ ಅರ್ಧ ದಾರಿ ಓಡಿದ್ದವನು, ಗೆದ್ದೆವೆಂದು ತಿಳಿದು ಕೊಠಡಿಯತ್ತ ತಿರುಗಿದ.

ಎವರ್ಸ್ ಮತ್ತೆ ಚೆಂಡು ಕೇಳಿದ. ಆ ಗದ್ದಲದಲ್ಲಿ ಅವನ ಕೈಗೆ ಬಂದದ್ದು ಆಟದ ಚೆಂಡೇ ಹೌದೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ಅದಿರಲಿ. ನಮಗೆ ಬೇಕಾದ್ದು ತೀರ್ಪುಗಾರರ ನಡತೆ. ಎಮ್‌ಸ್ಲಿ ಎದ್ದು ನಿಂತವನು ಬ್ರಿಡ್‌ವೆಲ್ ಮೊದಲನೆಯ ನೆಲೆ ಮುಟ್ಟುವನೋ ಎಂದು ನೋಡುತ್ತಿದ್ದ; ಅದು ಅವನ ಕರ್ತವ್ಯವೇ. ಎರಡನೆಯ ನೆಲೆ ಅವನ ಬೆನ್ನಿಗಿತ್ತು. ಷಿಕಾಗೋದವರು ಬಂದು ಕೇಳಿದಾಗ ತಾನು ಕಾಣಲಿಲ್ಲವೆಂದು ಒಪ್ಪಿಕೊಂಡು ಅವನು ಜೊತೆಗಾರನ ಕಡೆ ತಿರುಗಿದ. ಓಡೇ ಕಂಡಿದ್ದ. ಹತ್ತೊಂಬತ್ತು ದಿನದ ಹಿಂದೆ ಬಂದ ಪ್ರಶ್ನೆ ಅವನ ತಲೆಯಲ್ಲಿ ಉಳಿದಿತ್ತೆಂದು ಊಹಿಸುವುದು ಕಷ್ಟವಲ್ಲ. ಮರ್ಕಲ್ ನೆಲೆ ಮುಟ್ಟಲಿಲ್ಲವೆಂದು ಅವನು ಹೇಳಿದ. ಮರ್ಕಲ್ ಔಟು, ಓಟ ಲೆಕ್ಕಕ್ಕಿಲ್ಲ, ಆಟ ಸಮ ಎಂದಾಯಿತು.

ಲೀಗಿನ ಅಧ್ಯಕ್ಷ ಹ್ಯಾರಿ ಪುಲಿಯಂ ತೀರ್ಪನ್ನು ಎತ್ತಿಹಿಡಿದ. ಋತು ಮುಗಿಯುವಾಗ ಎರಡು ತಂಡಗಳೂ ಸರಿಸಮವಾಗಿ ನಿಂತವು. ಅಕ್ಟೋಬರ್ 8ರಂದು ಮತ್ತೆ ಆಡಬೇಕಾಯಿತು. ಆ ಆಟದ ತೀರ್ಪುಗಾರರಾದ ಬಿಲ್ ಕ್ಲೆಮ್ ಮತ್ತು ಜಿಮ್ ಜಾನ್‌ಸ್ಟನ್ ತಮಗೆ ಮೊದಲೇ ಲಂಚ ತೋರಿಸಲು ಬಂದವನನ್ನು ಹಿಂದಕ್ಕೆ ಕಳಿಸಿ ವರದಿ ಮಾಡಿದರು. ಷಿಕಾಗೋ 4-2ರಿಂದ ಗೆದ್ದು, ಆ ವರ್ಷದ ವಿಶ್ವ ಸರಣಿಯನ್ನೂ ಗೆದ್ದಿತು. ಮತ್ತೆ ಆ ಸರಣಿಯನ್ನು ಗೆಲ್ಲಲು ಅದು 2016ರವರೆಗೆ ಕಾಯಬೇಕಾಯಿತೆಂಬುದು ಬೇರೆ ಮಾತು. ಮೆಕ್‌ಗ್ರಾ ಆಗ ನ್ಯೂಯಾರ್ಕ್ ತಂಡದ ಯಜಮಾನ. ಎಮ್‌ಸ್ಲಿಯನ್ನು ‘ಕುರುಡ ಬಾಬ್’ ಎಂದು ಹಂಗಿಸಿದವನು ಅವನೇ. ಒಂದು ಕಾಲದಲ್ಲಿ ತೀರ್ಪುಗಾರನ ಬೆನ್ನ ಹಿಂದೆ ಸೊಂಟದ ಪಟ್ಟಿ ಹಿಡಿದು ಆಡಿದವನ ಬಾಯಲ್ಲಿ ಈ ಮಾತು! ಮರ್ಕಲ್‌ಗೆ ‘ಬೋನ್‌ಹೆಡ್’, ಮೂಳೆತಲೆ ಎಂಬ ಹೆಸರು ಅಂಟಿತು. ಒಳ್ಳೆಯ ಆಟಗಾರನಾಗಿ ಬಹುಕಾಲ ಆಡಿದರೂ 1956ರಲ್ಲಿ ತೀರಿಕೊಳ್ಳುವವರೆಗೆ ಆ ಹೆಸರು ಅವನನ್ನು ಬಿಡಲಿಲ್ಲ. ಎಲ್ಲರೂ ಮಾಡುತ್ತಿದ್ದುದನ್ನೇ ಆ ಹುಡುಗ ಮಾಡಿದ. ಓಡೇ ಒಬ್ಬನೇ ನಿಂತಿದ್ದ ದಿನ ಗಿಲ್ ಅದನ್ನೇ ಮಾಡಿ ಪಾರಾದ. ಇಬ್ಬರು ನಿಂತ ದಿನ ಮರ್ಕಲ್ ಸಿಕ್ಕಿಬಿದ್ದ. ಓಡೇ ಕೊಟ್ಟ ತೀರ್ಪು ಸರಿಯೆಂದೇ ನಾನೂ ಹೇಳುತ್ತೇನೆ. ಆದರೂ ಗಿಲ್ ಎಂಬವನ ಹೆಸರು ಯಾರಿಗೂ ನೆನಪಿಲ್ಲ, ಮರ್ಕಲ್‌ನ ಹೆಸರನ್ನು ಮರೆತವರಿಲ್ಲ ಎಂಬುದನ್ನು ನೆನೆದಾಗ ಮನಸ್ಸು ಕೊಂಚ ಕಸಿವಿಸಿಯಾಗುತ್ತದೆ.

ಮರುವರ್ಷ ಇನ್ನೊಂದು ವಿನೋದ. 1909ರ ವಿಶ್ವ ಸರಣಿಯ ಎರಡನೆಯ ಆಟ, ಪಿಟ್ಸ್‌ಬರ್ಗಿನಲ್ಲಿ. ಬಿಲ್ಲಿ ಎವಾನ್ಸ್ ಮತ್ತು ಕ್ಲೆಮ್ ತೀರ್ಪುಗಾರರು. ಬಲಗೆರೆಯ ಗುಂಟ ಹಾರಿದ ಚೆಂಡೊಂದು ಪ್ರೇಕ್ಷಕರ ಗುಂಪಿನೊಳಗೆ ಬಿದ್ದಿತು. ಎಲ್ಲಿ ಬಿದ್ದಿತೆಂದು ಇಬ್ಬರೂ ಕಾಣರು. ಕೊನೆಗೆ ಇಬ್ಬರೂ ಅಲ್ಲಿಗೆ ನಡೆದುಹೋಗಿ ಪ್ರೇಕ್ಷಕರನ್ನೇ ಕೇಳಿ ತೀರ್ಪು ಹೇಳಬೇಕಾಯಿತು! ಸರಣಿಗೆಂದು ನೇಮಕವಾಗಿದ್ದ ಇನ್ನಿಬ್ಬರು ತೀರ್ಪುಗಾರರು ಆ ಹೊತ್ತಿನಲ್ಲಿ ತಮ್ಮ ಸರದಿ ಬರಲೆಂದು ಸುಮ್ಮನೆ ಕುಳಿತಿದ್ದರು. ಮೂರನೆಯ ಆಟದಿಂದ ನಾಲ್ವರನ್ನೂ ಕಣಕ್ಕಿಳಿಸಿದರು. 1912ರ ಹೊತ್ತಿಗೆ ಎರಡು ದೊಡ್ಡ ಲೀಗುಗಳಲ್ಲಿಯೂ ಸಾಮಾನ್ಯ ಆಟಕ್ಕೆ ಇಬ್ಬರೆಂಬುದು ಸ್ಥಿರವಾಯಿತು.

ಇನ್ನು ಆ ಇಬ್ಬರ ನಿಲುವು ಮತ್ತು ನಡೆ. ಇದು ನಿಜಕ್ಕೂ ಸೊಗಸಾದ ವಿದ್ಯೆ. ಹಿಡಿಗಾರನ ಹಿಂದೆ ನಿಂತವನನ್ನು ಮನೆಯವನೆಂದೂ, ಇನ್ನೊಬ್ಬನನ್ನು ಬಯಲಿನವನೆಂದೂ ಕರೆಯೋಣ. ಬಯಲಿನವನಿಗೆ ಮೂರು ಸ್ಥಾನಗಳು. ಅಮೆರಿಕದವರು ಅವನ್ನು ಎ, ಬಿ, ಸಿ ಎಂದು ಕರೆಯುತ್ತಾರೆ. ನೆಲೆಗಳಲ್ಲಿ ಯಾರೂ ಇಲ್ಲದಿದ್ದಾಗ ಅವನು ಮೊದಲನೆಯ ನೆಲೆಗಾರನಿಂದ ಹತ್ತು ಹನ್ನೆರಡು ಅಡಿ ಹಿಂದೆ, ಗೆರೆಯ ಹೊರಗಡೆ ನಿಲ್ಲುತ್ತಾನೆ. ಆಗ ಅವನು ಅಕ್ಷರಶಃ ತಟಸ್ಥ. ಮೊದಲನೆಯ ನೆಲೆಗೆ ಓಟಗಾರ ಬಂದೊಡನೆ ಅವನು ಚೌಕದೊಳಕ್ಕೆ, ಎಸೆಗಾರನ ದಿಬ್ಬಕ್ಕೂ ಎರಡನೆಯ ನೆಲೆಗೂ ನಡುವೆ, ಬಲಮಗ್ಗುಲಿಗೆ ಬರುತ್ತಾನೆ. ಓಟಗಾರನು ಎರಡನೆಯ ಅಥವಾ ಮೂರನೆಯ ನೆಲೆಗೆ ಮುಂದುವರಿದರೆ ಸಾಮಾನ್ಯವಾಗಿ ಎಡಮಗ್ಗುಲಿಗೆ ಸರಿಯುತ್ತಾನೆ. ಆಗ ಅವನು ಮಧ್ಯಸ್ಥ. ಎಮ್‌ಸ್ಲಿ ಚೆಂಡಿಗೆ ಹೆದರಿ ಬಿದ್ದದ್ದು ಇಂಥ ನಡುಬಯಲಿನಲ್ಲಿಯೇ. ಗ್ಯಾಫ್ನಿ ಒಬ್ಬನೇ ಎರಡು ಕಡೆ ನಿಲ್ಲುತ್ತಿದ್ದುದನ್ನು ಇಲ್ಲಿ ಇಬ್ಬರು ಹಂಚಿಕೊಂಡಿದ್ದಾರೆ, ಅಷ್ಟೆ.

ಯಾರೂ ಇಲ್ಲದಾಗ ದಾಂಡಿಗನು ಚೆಂಡನ್ನು ನೆಲದ ಮೇಲೆ ಹೊಡೆದನೆನ್ನಿ. ಅದನ್ನು ಹಿಡಿದವನು ಮೊದಲನೆಯ ನೆಲೆಗೆ ಎಸೆಯುತ್ತಾನೆ. ಬಯಲಿನವನು ಚುರುಕಾಗಿ ಗೆರೆಯ ಒಳಗೆ ಬಂದು, ಎಸೆತದ ದಾರಿಗೆ ಲಂಬವಾಗಿ, ನೆಲೆಯಿಂದ ಐದಾರು ಗಜದಷ್ಟು ಹಿಂದೆ ನಿಲ್ಲಬೇಕು. ತೀರಾ ಹತ್ತಿರ ಹೋದರೆ ಕಾಣುವುದಿಲ್ಲ. ಎಸೆತದ ದಾರಿಯಲ್ಲಿಯೇ ನಿಂತರೆ ಪಾದ ಮೊದಲೋ ಚೆಂಡು ಮೊದಲೋ ತಿಳಿಯುವುದಿಲ್ಲ. ದೂರಕ್ಕಿಂತ ಕೋನ ಮುಖ್ಯ ಎಂಬುದು ಅವರ ಮೊದಲ ಪಾಠ. ಆಮೇಲಿನದು ಬಾನುಲಿಯ ಕೇಳುಗರಿಗೆ ಮೆಚ್ಚಿಕೆಯಾದೀತು: ಕಣ್ಣನ್ನು ನೆಲೆಯ ಮೇಲೆ, ಓಟಗಾರನ ಪಾದದ ಮೇಲೆ ನೆಟ್ಟು, ಚೆಂಡು ಚರ್ಮದ ಗವಸಿಗೆ ಬಡಿದ ಸದ್ದನ್ನು ಕಿವಿಯಿಂದ ಹಿಡಿಯಬೇಕು. ಪಾದವನ್ನು ಕಾಣುವುದು, ಚೆಂಡನ್ನು ಕೇಳುವುದು. ಇದೇ ಹೊತ್ತಿನಲ್ಲಿ ಮನೆಯವನು ಕೈಕಟ್ಟಿ ನಿಲ್ಲುವಂತಿಲ್ಲ. ಓಟಗಾರನ ಹಿಂದೆಯೇ ಅರ್ಧ ಗೆರೆಯವರೆಗೆ ಓಡಿ, ನೆಲೆಗಾರನ ಕಾಲು ನೆಲೆಯಿಂದ ಎದ್ದಿತೆ, ಚೆಂಡು ತಪ್ಪಿ ಹೊರಗೆ ಹೋಯಿತೆ ಎಂದು ನೋಡಿಕೊಳ್ಳಬೇಕು.

ಚೆಂಡು ದೂರದ ಬಯಲಿಗೆ ಹಾರಿದರೆ ಹಂಚಿಕೆ ಬೇರೆ. ಬಯಲಿನವನು ತಟಸ್ಥನಾಗಿದ್ದಾಗ ಬಲಬಯಲಿನ ಆಟಗಾರನನ್ನು ನೋಡುತ್ತಾನೆ. ಅವನು ಗೆರೆಯತ್ತಲೋ ಹಿಂದಕ್ಕೋ ಓಡಿ ಕಷ್ಟದ ಹಿಡಿತಕ್ಕೆ ಕೈಚಾಚುವಂತಿದ್ದರೆ, ತೀರ್ಪುಗಾರನೂ ಅತ್ತ ಓಡುತ್ತಾನೆ. ಹಾಗೆ ಹೋದವನು ಆ ಆಟ ಮುಗಿಯುವವರೆಗೆ ಹಿಂದಕ್ಕೆ ಬರುವಂತಿಲ್ಲ. ನಾಲ್ಕು ನೆಲೆಗಳೂ ಮನೆಯವನ ಪಾಲಿಗೆ. ಅದೇ ಬಯಲಿನವನು ಚೌಕದ ನಡುವೆ ಇದ್ದಾಗ ಹೊರಬಯಲಿಗೆ ಹೋಗಲೇಕೂಡದು. ಎದುರಿನ ಹೊಡೆತಗಳ ಹಿಡಿತವನ್ನು ನಿಂತಲ್ಲಿಂದಲೇ ತಿರುಗಿ ನೋಡಬೇಕು. ಎರಡು ಗೆರೆಗಳ ಬಳಿ ಬಿದ್ದದ್ದು ಮನೆಯವನದು. ಇಲ್ಲಿಯೂ ಎವಾನ್ಸ್ ಮತ್ತು ಕ್ಲೆಮ್ ಪಟ್ಟ ಪಾಡು ಮರುಕಳಿಸಬಹುದು. ನೂರು ವರ್ಷವಾದರೂ ಗೆರೆ ಗಿಡ್ಡವಾಗಿಲ್ಲವಷ್ಟೆ.

ನನಗೆ ಬಹಳ ಮೆಚ್ಚಿಕೆಯಾದದ್ದು ಮೂರನೆಯ ನೆಲೆಯ ಹಂಚಿಕೆ. ಮೊದಲನೆಯ ನೆಲೆಯಲ್ಲಿ ಒಬ್ಬನಿದ್ದಾನೆ. ಹೊಡೆತ ಹೊರಬಯಲಿಗೆ ಹೋಯಿತು. ಓಟಗಾರನು ಎರಡನೆಯದನ್ನು ದಾಟಿ ಮೂರನೆಯದಕ್ಕೆ ನುಗ್ಗಬಹುದು. ಹೊಡೆದವನು ಎರಡನೆಯದರ ಮೇಲೆ ಕಣ್ಣಿಡಬಹುದು. ಬಯಲಿನವನೊಬ್ಬನೇ ಎರಡನ್ನೂ ನೋಡಲಾರ. ಆಗ ಮನೆಯವನು ತನ್ನ ಮನೆಯನ್ನು ಬಿಟ್ಟು, ಗೆರೆಯ ಹೊರಗೆ ಮೂರನೆಯ ನೆಲೆಯತ್ತ ಓಡುತ್ತ, ಅವನು ಬಂದರೆ ಮೂರನೆಯದು ನನ್ನದು ಎಂದು ಜೊತೆಗಾರನಿಗೆ ಕೂಗಿ ಹೇಳುತ್ತಾನೆ. ಆ ಕೂಗು ಕಿವಿಗೆ ಬಿದ್ದ ಮೇಲೆ ಬಯಲಿನವನು ಆ ಕಡೆಗೆ ತಿರುಗಿಯೂ ನೋಡಬಾರದು. ತಿರುಗಿದರೆ ಎರಡನೆಯ ನೆಲೆ ಅನಾಥವಾಗುತ್ತದೆ. ಅಷ್ಟರಲ್ಲಿ ಎಸೆತ ತಪ್ಪಿ ಓಟಗಾರನು ಮನೆಗೆ ಹೊರಟರೆ, ಮನೆಯವನು ಅವನೊಡನೆ ಸ್ಪರ್ಧೆ ಹೂಡಿದಂತೆ ಹಿಂದಕ್ಕೆ ಓಡಿಬರಬೇಕು. ಐವತ್ತು ವರ್ಷ ದಾಟಿದ, ಮುಖಕ್ಕೆ ಜಾಲರಿ, ಎದೆಗೆ ದಪ್ಪ ಕವಚ ಕಟ್ಟಿಕೊಂಡ ತೀರ್ಪುಗಾರರೂ ಹೀಗೆ ಓಡುವುದುಂಟು.

ಇಷ್ಟೆಲ್ಲ ಮಾಡಿದರೂ ತೂತುಗಳು ಉಳಿಯುತ್ತವೆ; ಇದನ್ನು ಕಲಿಸುವವರೇ ಮುಚ್ಚಿಡುವುದಿಲ್ಲ. ಒಂದೇ ಹೊಡೆತಕ್ಕೆ ಎರಡನೆಯ ನೆಲೆಯಲ್ಲೊಬ್ಬ, ಮೊದಲನೆಯದರಲ್ಲೊಬ್ಬ ಔಟಾಗುವ ಜೋಡಿ ಔಟಿನಲ್ಲಿ ಬಯಲಿನವನು ಮೊದಲು ಎರಡನೆಯದರ ತೀರ್ಪು ಹೇಳಿ, ಹೇಳುತ್ತಲೇ ತಿರುಗಿ, ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೊದಲನೆಯದರ ತೀರ್ಪನ್ನೂ ಬಹುದೂರದಿಂದಲೇ ಹೇಳಬೇಕು. ತಿರುಗುವ ಆ ಕ್ಷಣದಲ್ಲಿ ಎರಡನೆಯ ನೆಲೆಯಲ್ಲಿ ಯಾರು ಯಾರನ್ನು ತಳ್ಳಿದರೋ ಅವನು ಕಾಣ. ಎಸೆಗಾರನು ದಾಂಡಿಗನಿಗೆ ಎಸೆಯುವ ಬದಲು ಮೊದಲನೆಯ ನೆಲೆಗೆ ತಿರುಗಿ ಎಸೆದಾಗಲೂ ನಡುವೆ ನಿಂತವನಿಗೆ ಕೋನ ಸರಿಯಾಗಿ ಸಿಗದು. ಮೂವರಿದ್ದರೆ ಇದರಲ್ಲಿ ಬಹುಪಾಲು ಮುಚ್ಚುತ್ತದೆ, ನಾಲ್ವರಿದ್ದರೆ ಎಲ್ಲವೂ ಮುಚ್ಚುತ್ತದೆ. ದೊಡ್ಡ ಲೀಗುಗಳು 1933ರಲ್ಲಿ ಮೂವರಿಗೆ, 1952ರಲ್ಲಿ ನಾಲ್ವರಿಗೆ ಬಂದವು. ವಿಶ್ವ ಸರಣಿಗೆ 1947ರಿಂದ ಆರು ಜನ. 2014ರಿಂದ ಅನೇಕ ತೀರ್ಪುಗಳನ್ನು ಚಲಚ್ಚಿತ್ರ ನೋಡಿ ತಿದ್ದುವ ಅವಕಾಶವೂ ಬಂದಿದೆ. ಕೆಳಗಿನ ಸಂಘಗಳಿಗೆ ಹಣವೂ ಇಲ್ಲ, ಆಳೂ ಇಲ್ಲ. ಅಲ್ಲಿ ಇಬ್ಬರೇ.

ಅದರಿಂದ ಒಂದು ವಿಚಿತ್ರ ಫಲಿತಾಂಶ. ಹೊಸಬರು ಕಲಿಯುವುದು ಕಷ್ಟದ ಪದ್ಧತಿಯನ್ನು. ಪಳಗಿ ಮೇಲೆ ಹೋದವರಿಗೆ ಸುಲಭದ ಪದ್ಧತಿ. ನ್ಯಾಷನಲ್ ಲೀಗಿನ ತೀರ್ಪುಗಾರ ಜಾರ್ಜ್ ಬಾರ್ 1935ರಲ್ಲಿ ಅರ್ಕನ್ಸಾದ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಇಂಥವರಿಗಾಗಿ ಮೊದಲ ಶಾಲೆ ತೆರೆದ. ಅಂಥ ಶಾಲೆಗಳಿಂದ ಹೊರಬಿದ್ದವರನ್ನು ಜೋಡಿ ಮಾಡಿ ಸಣ್ಣ ಊರುಗಳಿಗೆ ಕಳಿಸುತ್ತಾರೆ. ಇಡೀ ಬೇಸಗೆ ಇಬ್ಬರೂ ಒಂದೇ ಬಂಡಿಯಲ್ಲಿ ಪ್ರಯಾಣ, ಒಂದೇ ಕಡೆ ಊಟ. ಆಟಕ್ಕೆ ಮುನ್ನ ಕುಳಿತು ಮಾತನಾಡಿಕೊಳ್ಳಬೇಕು: ಯಾವ ಹೊಡೆತಕ್ಕೆ ನೀನು, ಯಾವುದಕ್ಕೆ ನಾನು, ಯಾವ ಸನ್ನೆಗೆ ಏನರ್ಥ. ಮಾತು ನಿಂತರೆ ಪದ್ಧತಿ ನಿಂತಂತೆ.

ಮಾತು ನಿಂತ ದಿನವೊಂದನ್ನು ಹೇಳಬೇಕಾಗಿದೆ. ಬರ್ನೀಸ್ ಗೆರಾ ಎಂಬ ಮಹಿಳೆ ತೀರ್ಪುಗಾರರ ಶಾಲೆಯಲ್ಲಿ ಕಲಿತು, ಹೆಂಗಸೆಂಬ ಕಾರಣಕ್ಕೆ ಕೆಲಸ ಸಿಗದೆ, ನ್ಯಾಯಾಲಯಗಳಲ್ಲಿ ವರ್ಷಗಳ ಕಾಲ ಹೋರಾಡಿ ಗೆದ್ದರು. 1972ರ ಜೂನ್ 24ರಂದು ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರಿನಲ್ಲಿ, ಒಂದೇ ದಿನ ಎರಡು ಆಟಗಳಿದ್ದಾಗ, ಮೊದಲನೆಯದಕ್ಕೆ ಬಯಲಿನ ತೀರ್ಪುಗಾರರಾಗಿ ನಿಂತರು. ಎರಡನೆಯ ನೆಲೆಯಲ್ಲಿ ಓಟಗಾರನೊಬ್ಬ ಉಳಿದನೆಂದರು. ಮರುಕ್ಷಣವೇ ತಿದ್ದಿಕೊಂಡು ಔಟೆಂದರು. ಆ ತಂಡದ ಯಜಮಾನ ಬಂದು ಕೂಗಾಡಿದ. ಅವನನ್ನು ಕಣದಿಂದ ಹೊರಹಾಕಿದರು. ಆ ಆಟ ಮುಗಿದೊಡನೆ ರಾಜೀನಾಮೆ ಕೊಟ್ಟು ಹೊರಟುಹೋದರು. ಎರಡನೆಯ ಆಟಕ್ಕೆ ನಿಲ್ಲಲಿಲ್ಲ. ಹೆಂಗಸಿಗೆ ತಡೆಯಲಾಗಲಿಲ್ಲವೆಂದು ಹಲವರು ನಕ್ಕರು. ಜೊತೆಯ ತೀರ್ಪುಗಾರರು ತಮ್ಮೊಡನೆ ಸಹಕರಿಸಲಿಲ್ಲವೆಂಬುದೇ ಕಾರಣವೆಂದು ಗೆರಾ ಆಮೇಲೆ ಹೇಳಿದರು. ಈ ಏರ್ಪಾಡಿನ ಒಳಗನ್ನು ಬಲ್ಲವರಿಗೆ ಆ ಮಾತಿನ ತೂಕ ತಿಳಿಯುತ್ತದೆ. ನಾಲ್ವರಲ್ಲಿ ಒಬ್ಬನು ಮುನಿಸಿಕೊಂಡರೆ ಮೂವರುಳಿಯುತ್ತಾರೆ. ಇಬ್ಬರಲ್ಲಿ ಒಬ್ಬನು ಮುನಿಸಿಕೊಂಡರೆ, ನಡುಬಯಲಿನಲ್ಲಿ ನಿಂತವರ ಬೆನ್ನ ಹಿಂದೆ ಕಣ್ಣೇ ಇಲ್ಲ. ಎಮ್‌ಸ್ಲಿ ನೆಲದಿಂದೆದ್ದು ತಿರುಗಿದಾಗ ಅವನಿಗೆ ಓಡೇ ಇದ್ದ.

ಗೆರಾ 1992ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಪ್ಯಾಮ್ ಪೋಸ್ಟೆಮಾ ಎಂಬವರು ಹದಿಮೂರು ವರ್ಷ ಕೆಳಗಿನ ಸಂಘಗಳಲ್ಲಿ ದುಡಿದು, ದೊಡ್ಡ ಲೀಗಿನ ಹೊಸ್ತಿಲವರೆಗೆ ಬಂದು, 1989ರಲ್ಲಿ ಕೆಲಸ ಕಳೆದುಕೊಂಡಿದ್ದರು. ಜೆನ್ ಪಾವಲ್ ಎಂಬವರು 2016ರಲ್ಲಿ ಎಲ್ಲಕ್ಕೂ ಕೆಳಗಿನ ಮೆಟ್ಟಿಲಾದ ಗಲ್ಫ್ ಕೋಸ್ಟ್ ಲೀಗಿನಲ್ಲಿ ಇಬ್ಬರಲ್ಲೊಬ್ಬರಾಗಿ ಕೆಲಸ ಆರಂಭಿಸಿದರು. ಒಂಬತ್ತು ವರ್ಷದ ಮೇಲೆ, 2025ರ ಆಗಸ್ಟ್ 9ರಂದು, ಅಟ್ಲಾಂಟಾದಲ್ಲಿ ದೊಡ್ಡ ಲೀಗಿನ ಸಾಮಾನ್ಯ ಋತುವಿನ ಆಟದಲ್ಲಿ ತೀರ್ಪುಗಾರರಾಗಿ ನಿಂತ ಮೊದಲ ಮಹಿಳೆಯಾದರು. ಆ ದಿನ ಕಣದಲ್ಲಿ ಅವರ ಜೊತೆಗೆ ಇನ್ನು ಮೂವರಿದ್ದರು. ಅವರ ಪಾಲಿಗೆ ಬಂದದ್ದು ಒಂದೇ ನೆಲೆ.